ರಫ್ ಪುಸ್ತಕ ಎಸೆಯಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನ ಒಂದು ಕಲಾ ಕಾಲೇಜಿನಲ್ಲಿ ಶಿಲ್ಪಕಲೆ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರ್ ಮಟ್ಟಿಗೆ ಹೊರದೇಶದ ಕಲಾಶಾಲೆಗಳಿಗೆ ಕಳಿಸುವ ಜವಾಬ್ದಾರಿಯೂ ನನ್ನದೇ. ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆ ಚಿತ್ರಕಲೆ, ಶಿಲ್ಪ, ಡಿಸೈನ್ ಓದುವ ಆಸೆ ಇಟ್ಟುಕೊಂಡ ಮಕ್ಕಳು ಕೇಳುತ್ತಿದ್ದೀರಿ. ಪಕ್ಕದಲ್ಲೇ ಅಪ್ಪ ಅಮ್ಮನೂ ಕೂತಿರಬಹುದು. ನಿಮ್ಮೆಲ್ಲರಿಗೂ ಒಂದೇ ಒಂದು ಮಾತು ಹೇಳೋಣ ಅಂತ ಬಂದಿದ್ದೇನೆ. ರಫ್ ಪುಸ್ತಕ ಎಸೆಯಬೇಡಿ.

ಮೊದಲು ಈ ಎಕ್ಸ್‌ಚೇಂಜ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಇಡೀ ಡಿಗ್ರಿಯನ್ನು ಅಲ್ಲಿ ಓದುವುದಲ್ಲ. ನೀವು ಇಲ್ಲಿನ ಕಾಲೇಜಿನ ವಿದ್ಯಾರ್ಥಿಯಾಗಿಯೇ ಇರುತ್ತೀರಿ, ಒಂದು ಸೆಮಿಸ್ಟರ್ ಮಾತ್ರ ಅಲ್ಲಿ ಕಲಿತು ವಾಪಸ್ ಬರುತ್ತೀರಿ. ಎರಡು ಕಾಲೇಜುಗಳ ಮಧ್ಯೆ ಒಪ್ಪಂದ ಇರುತ್ತದೆ. ಫೀಸು ಕಟ್ಟುವುದು ಇಲ್ಲಿ, ಅಲ್ಲಿನ ಬೋಧನಾ ಶುಲ್ಕ ಮಾಫಿ. ವಿಮಾನ, ವೀಸಾ, ವಿಮೆ, ಬಾಡಿಗೆ, ಊಟ ಇವೆಲ್ಲ ನಿಮ್ಮದು. ಯುರೋಪಿನವರು ತಮ್ಮತಮ್ಮಲ್ಲೇ ಇದನ್ನು ದೊಡ್ಡದಾಗಿ ಶುರು ಮಾಡಿದ್ದು 1987ರಲ್ಲಿ, ಎರಾಸ್ಮಸ್ ಅನ್ನುವ ಯೋಜನೆಯಲ್ಲಿ, 11 ದೇಶಗಳು ಸೇರಿ. ಈಗ ಅದರ ಬಾಗಿಲು ನಮ್ಮಂಥ ದೇಶಗಳಿಗೂ ತೆರೆದಿದೆ. ಕೆಲವು ಒಪ್ಪಂದಗಳಲ್ಲಿ ವಿದ್ಯಾರ್ಥಿವೇತನವೂ ಸಿಗುತ್ತದೆ.

ಈಗ ರಫ್ ಪುಸ್ತಕಕ್ಕೆ ಬರೋಣ.

ನಮ್ಮ ಶಾಲೆಗಳಲ್ಲಿ ಒಂದು ಅಭ್ಯಾಸ ಇದೆ. ರಫ್‌ನಲ್ಲಿ ಮಾಡು, ಫೇರ್ ಮಾಡಿ ತೋರಿಸು. ಮೇಷ್ಟ್ರು ನೋಡುವುದು ಫೇರ್, ಅಂಕ ಸಿಗುವುದು ಫೇರ್‌ಗೆ. ರಫ್ ಪುಸ್ತಕ ವರ್ಷದ ಕೊನೆಗೆ ತೂಕಕ್ಕೆ ಹೋಗುತ್ತದೆ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕೂತವರಿಗೆ ಚೆನ್ನಾಗಿ ನೆನಪಿರುತ್ತದೆ, ತಪ್ಪಿದ ಗೆರೆ ಕಾಣಲೇಬಾರದು ಅಂತ ರಬ್ಬರ್ ಹಾಕಿ ಉಜ್ಜಿ ಉಜ್ಜಿ ಕಾಗದವೇ ತೆಳ್ಳಗಾಗುತ್ತಿತ್ತು ಅಲ್ವಾ?

ಹೊರದೇಶದ ಕಲಾಶಾಲೆಗೆ ಬೇಕಾಗಿರುವುದು ಆ ತಪ್ಪಿದ ಗೆರೆ. ನೀವು ಅರ್ಜಿ ಹಾಕುವಾಗ ಪೋರ್ಟ್‌ಫೋಲಿಯೋ ಕಳಿಸಬೇಕು, ಅಂದರೆ ನಿಮ್ಮ ಕೆಲಸಗಳ ಒಂದು ಸಂಗ್ರಹ. ನಮ್ಮ ಮಕ್ಕಳು ಕಳಿಸುವುದೆಲ್ಲ ಮುಗಿದ ಕೆಲಸದ ಫೋಟೋ. ಚೆನ್ನಾಗಿ ಬೆಳಕು ಬಿಟ್ಟು, ಹಿಂದೆ ಕಪ್ಪು ಬಟ್ಟೆ ಕಟ್ಟಿ ತೆಗೆದಿರುತ್ತಾರೆ. ಕೈ ಎಷ್ಟು ಪಳಗಿದೆ ಅಂತ ಅದರಿಂದ ಗೊತ್ತಾಗುತ್ತದೆ. ತಲೆ ಹೇಗೆ ಓಡುತ್ತದೆ ಅಂತ ಗೊತ್ತಾಗುವುದಿಲ್ಲ. ಅಲ್ಲಿನವರು ನೋಡುವುದು ಅದನ್ನೇ.

ನಿಮ್ಮ ಜಿಲ್ಲೆಯದ್ದೇ ಒಂದು ವಿಷಯ ಹೇಳುತ್ತೇನೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ನಿಮಗೆಲ್ಲ ಗೊತ್ತು. ಊರೊಳಗೆ ಕಾಲಿಟ್ಟರೆ ಉಳಿ ಸದ್ದು. ಮನೆ ಮುಂದೆ ಅರ್ಧ ಮುಗಿದ ಗಣಪತಿ, ಆಂಜನೇಯ, ಇನ್ನೂ ಮುಖ ಮೂಡದ ನಂದಿ. ಅಂಥದ್ದೇ ಒಂದು ಶಿಲ್ಪಿಗಳ ಮನೆಯ ಹುಡುಗಿ ನನ್ನ ವಿದ್ಯಾರ್ಥಿನಿ. ಎಕ್ಸ್‌ಚೇಂಜ್‌ಗೆ ಅರ್ಜಿ ಹಾಕಬೇಕು ಅಂತ ಬಂದಳು. ತಂದಿದ್ದ ಫೋಟೋಗಳಲ್ಲಿ ಕೃಷ್ಣಶಿಲೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. "ಇಲ್ಲಿಗೆ ಹೇಗೆ ಬಂದೆಯಮ್ಮಾ, ಅದನ್ನು ತೋರಿಸು" ಅಂದೆ. ಸುಮ್ನೆ ನಿಂತಳು.

ಅವಳ ಚೀಲದಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಣುಕುತ್ತಿತ್ತು. ಅದೇನು ಅಂದರೆ, "ಅದು ಅಪ್ಪಂದು ಮೇಡಂ, ಹಿಂದುಗಡೆ ನಾನು ರಫ್ ಮಾಡ್ತೀನಿ" ಅಂದಳು. ತೆರೆದು ನೋಡಿದೆ. ಮುಂದಿನ ಹಾಳೆಗಳಲ್ಲಿ ಅಪ್ಪನ ಲೆಕ್ಕ. ಕಲ್ಲಿಗೆ ಇಷ್ಟು, ಗಾಡಿ ಬಾಡಿಗೆ ಇಷ್ಟು, ಉಳಿ ತಟ್ಟಿಸಿದ್ದಕ್ಕೆ ಇಷ್ಟು. ಹಿಂದಿನಿಂದ ತಿರುಗಿಸಿದರೆ ಇವಳ ಪೆನ್ಸಿಲ್ ಗೆರೆ. ಒಂದು ಹಾಳೆ ತುಂಬಾ ನಂದಿಯ ಕಿವಿ. ಬರೀ ಕಿವಿ! ನಿಮಿರಿದ್ದು, ಮಡಚಿದ್ದು, ಹಿಂದಕ್ಕೆ ವಾಲಿದ್ದು. ಅದರ ಪಕ್ಕ ಕೆಂಪು ಬಾಲ್ ಪೆನ್ನಿನಲ್ಲಿ ಅಪ್ಪನ ಅಕ್ಷರ: "ಒಂದು ಬೆರಳು ಹಿಂದಕ್ಕೆ." ಅದರ ಕೆಳಗೆ ಇವಳು ಇನ್ನೊಂದು ಕಿವಿ ಬರೆದಿದ್ದಾಳೆ, ಬೆರಳು ಹಿಂದಕ್ಕೆ ಹೋಗಿದೆ. ಮುಂದಿನ ಹಾಳೆಯಲ್ಲಿ ನವತಾಳದ ಮೂರ್ತಿಯ ಅಳತೆ, ಅದರ ಮೇಲೆ ಕಾವಿ ಬೆರಳಿನ ಗುರುತು.

"ಇದೇ ನಿನ್ನ ಪೋರ್ಟ್‌ಫೋಲಿಯೋ, ಇದನ್ನೇ ಮೊದಲ ಪುಟಕ್ಕೆ ಹಾಕು" ಅಂದೆ. "ಅಯ್ಯೋ ಬೇಡ ಮೇಡಂ, ಇದು ರಫ್" ಅಂದಳು. ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಕೊನೆಗೆ ಹಾಕಿದಳು. ಜರ್ಮನಿಯ ಒಂದು ಕಲಾಶಾಲೆಯ ಸೆರಾಮಿಕ್ಸ್, ಅಂದರೆ ಜೇಡಿಮಣ್ಣು ಸುಟ್ಟು ಮಾಡುವ ಕಲೆಯ, ವಿಭಾಗದಲ್ಲಿ ಸೀಟು ಸಿಕ್ಕಿತು.

ಅಲ್ಲಿ ಮೊದಲ ವಾರಗಳಲ್ಲೇ ಎಲ್ಲರೂ ಅವರವರ ಅರೆಬರೆ ಕೆಲಸವನ್ನು ಗೋಡೆಗೆ ಹಚ್ಚಬೇಕಾಯಿತು. ಅಲ್ಲಿನ ಪಾಠದ ಕ್ರಮವೇ ಅದು. ಮೇಷ್ಟ್ರು, ಸಹಪಾಠಿಗಳು ಎಲ್ಲ ಸುತ್ತ ನಿಂತು ಪ್ರಶ್ನೆ ಕೇಳುತ್ತಾರೆ. ಸರಿ, ತಪ್ಪು ಅಂತ ಯಾರೂ ಬೇಗ ಹೇಳುವುದಿಲ್ಲ. ಇವಳು ಕಿವಿಯ ಹಾಳೆಯ ಜೆರಾಕ್ಸ್ ಹಚ್ಚಿದಳು. ಒಬ್ಬ ಹುಡುಗ ಕೇಳಿದನಂತೆ, ಒಂದು ಬೆರಳು ಅಂದರೆ ಎಷ್ಟು ಮಿಲಿಮೀಟರ್, ಯಾರ ಬೆರಳು?

ಯಾರ ಬೆರಳೂ ಅಲ್ಲ! ನಮ್ಮ ಶಿಲ್ಪಿಗಳಿಗೆ ಇದು ಮನೆಪಾಠ. ಮೂರ್ತಿ ಎಷ್ಟು ಎತ್ತರ ಇರಬೇಕೋ ಅದನ್ನೇ ಭಾಗ ಮಾಡಿ ಬೆರಳು, ಅಂದರೆ ಅಂಗುಲ, ಹುಟ್ಟಿಸುತ್ತಾರೆ. ಒಂದು ತಾಳಕ್ಕೆ 12 ಅಂಗುಲ. ನವತಾಳ ಅಂದರೆ 9 ತಾಳ, 108 ಅಂಗುಲ. ಮೂರ್ತಿ ಅಂಗೈಯಷ್ಟಿರಲಿ, ಆನೆಯಷ್ಟಿರಲಿ, ಅದರ ಬೆರಳು ಅದರದ್ದೇ. ಇದನ್ನು ವಿವರಿಸುತ್ತಾ ವಿವರಿಸುತ್ತಾ ಅವಳಿಗೆ ಆ ಸೆಮಿಸ್ಟರಿನ ಕೆಲಸವೇ ಸಿಕ್ಕಿಬಿಟ್ಟಿತು. ಜೇಡಿಮಣ್ಣು ಒಣಗಿ, ಸುಟ್ಟ ಮೇಲೆ ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಮಾಲೂರಿನ ಇಟ್ಟಿಗೆ, ಹೆಂಚಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೆಂಟಿಮೀಟರಿನಲ್ಲಿ ಅಳೆದದ್ದೆಲ್ಲ ಗೂಡಿನಿಂದ ಹೊರಗೆ ಬರುವಾಗ ಸುಳ್ಳಾಗುತ್ತದೆ. ಅಂಗುಲದ ಲೆಕ್ಕ ಸುಳ್ಳಾಗುವುದಿಲ್ಲ, ಯಾಕೆಂದರೆ ಕಿವಿಯ ಜೊತೆ ಬೆರಳೂ ಕುಗ್ಗಿರುತ್ತದೆ. ಅವಳು ಚಿಕ್ಕದರಿಂದ ದೊಡ್ಡದರವರೆಗೆ ಮಣ್ಣಿನಲ್ಲಿ ನಂದಿಯ ಕಿವಿಗಳನ್ನು ಮಾಡಿ ಸುಟ್ಟಳು. ಅಲ್ಲಿನ ಮಕ್ಕಳಿಗೆ ಕಾವಿ ನೀರಿನಲ್ಲಿ ಅದ್ದಿದ ದಾರ ಹಿಡಿದು, ಮೀಟಿ, ಗೆರೆ ಹಾಕುವುದನ್ನು ಕಲಿಸಿದಳು.

ಸೆಮಿಸ್ಟರ್ ಮುಗಿಯುವಾಗ ಜರ್ಮನಿಯ ಕಲಾಶಾಲೆಗಳು ಊರಿನವರಿಗೆಲ್ಲ ಸ್ಟುಡಿಯೋ ತೆರೆದಿಡುತ್ತವೆ. ಯಾರು ಬೇಕಾದರೂ ಬಂದು ನೋಡಬಹುದು. ಅವತ್ತು ಕಿವಿಗಳ ಪಕ್ಕದಲ್ಲಿ ಆ ಲೆಕ್ಕದ ಪುಸ್ತಕವನ್ನೇ ದಾರ ಕಟ್ಟಿ ನೇತುಹಾಕಿದಳು. ಜನ ಹಾಳೆ ತಿರುವಿ ತಿರುವಿ ನೋಡಿದರಂತೆ. ಊರಿಗೆ ಫೋನ್ ಮಾಡಿ ಹೇಳಿದರೆ ಅವರಪ್ಪ ಕೇಳಿದ್ದು, "ಬಾಕಿ ಲೆಕ್ಕ ಇರೋ ಹಾಳೆ ಮುಚ್ಚಿದ್ದೀಯ ತಾನೆ?"

ಅಲ್ಲಿನವರು ಯಾಕೆ ಹೀಗೆ ಅನ್ನುವುದಕ್ಕೆ ಹಳೆಯ ಕಾರಣ ಇದೆ. ಜರ್ಮನಿಯಲ್ಲಿ 1919ರಲ್ಲಿ ಬೌಹೌಸ್ ಅನ್ನುವ ಕಲಾಶಾಲೆ ಶುರುವಾಯಿತು. ಅಲ್ಲಿಗೆ ಸೇರಿದ ಹೊಸಬರಿಗೆ ಮೊದಲ ಆರು ತಿಂಗಳು ಮರ, ಲೋಹ, ಬಟ್ಟೆ, ಕಾಗದ ಕೈಯಲ್ಲಿ ಹಿಡಿದು ಪ್ರಯೋಗ ಮಾಡುವುದೇ ಪಾಠ. ಆಮೇಲಷ್ಟೇ ಒಂದು ಕಸುಬು. ಜಗತ್ತಿನ ಎಷ್ಟೋ ಡಿಸೈನ್ ಶಾಲೆಗಳು ಅದರಿಂದ ಕಲಿತವು. ನಮಗೂ ಅವರಿಗೂ ನಂಟು ಹೊಸದಲ್ಲ. 1922ರಲ್ಲೇ ಬೌಹೌಸ್‌ನವರ ಚಿತ್ರಗಳು ಕಲ್ಕತ್ತೆಗೆ ಪ್ರದರ್ಶನಕ್ಕೆ ಬಂದಿದ್ದವು. ನಮ್ಮ ಉಡುಪಿ ಕಡೆಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದರು.

ಸಮಯ ಆಗುತ್ತಾ ಬಂತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕ್ರೆಡಿಟ್ ವಿಷಯ. ಕ್ರೆಡಿಟ್ ಅಂದರೆ ಓದಿದ ಪಾಠವನ್ನು ಡಿಗ್ರಿಗೆ ಲೆಕ್ಕ ಹಿಡಿಯುವ ಅಳತೆ. ಯುರೋಪಿನಲ್ಲಿ ಒಂದು ಸೆಮಿಸ್ಟರ್‌ಗೆ ಸಾಮಾನ್ಯವಾಗಿ 30 ಕ್ರೆಡಿಟ್. ಅಲ್ಲಿ ಯಾವ ವಿಷಯ ತೆಗೆದುಕೊಳ್ಳುತ್ತೀರಿ, ಅದು ಇಲ್ಲಿ ಯಾವುದಕ್ಕೆ ಸಮ, ಇದನ್ನು ಹೊರಡುವ ಮುಂಚೆಯೇ ಬರಹದಲ್ಲಿ ಮಾಡಿಸಿಕೊಳ್ಳಿ. ನಿಮ್ಮ ಸಹಿ, ಇಲ್ಲಿನವರ ಸಹಿ, ಅಲ್ಲಿನವರ ಸಹಿ. ಬಾಯಿಮಾತು ನಂಬಬೇಡಿ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರುವಾಗಿ, ಪಾಠ ಫೆಬ್ರವರಿವರೆಗೂ ನಡೆಯುತ್ತದೆ. ನಮ್ಮ ಮುಂದಿನ ಸೆಮಿಸ್ಟರಿಗೆ ಅದು ತಗಲುತ್ತದೆ, ಹಾಜರಿ ಏನು ಮಾಡುತ್ತೀರಿ ಅಂತ ಅದನ್ನೂ ಬರೆಸಿಕೊಳ್ಳಿ. ಇಲ್ಲೂ ರಫ್ ಪುಸ್ತಕವೇ ಕೈ ಹಿಡಿಯುವುದು. ವಾಪಸ್ ಬಂದ ಮೇಲೆ ಅಲ್ಲಿ ಏನು ಮಾಡಿದೆ ಅಂತ ಕೇಳಿದರೆ, ತಾರೀಖು ಹಾಕಿದ ಹಾಳೆಗಳನ್ನು ಮುಂದಿಡಿ.

ವೀಸಾ. 90 ದಿನದ ಪ್ರವಾಸಿ ವೀಸಾ ಸಾಲದು, ಆ ದೇಶದ ದೀರ್ಘಾವಧಿ ವೀಸಾ ಬೇಕು. ಖರ್ಚಿಗೆ ಹಣ ಇದೆ ಅಂತ ದಾಖಲೆ ತೋರಿಸಬೇಕು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಕತ್ತಲಾಗುತ್ತದೆ, ಮನಸ್ಸು ಮಂಕಾಗುತ್ತದೆ. ಅಪ್ಪ ಅಮ್ಮ ಆಗ ಸ್ವಲ್ಪ ಜಾಸ್ತಿ ಫೋನ್ ಮಾಡಿ.

ಪೋರ್ಟ್‌ಫೋಲಿಯೋ ಮಾಡಿಕೊಡುತ್ತೇವೆ ಅಂತ ಬೋರ್ಡ್ ಹಾಕಿಕೊಂಡವರಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಅವರು ಮಾಡಿಕೊಡುವುದು ಫೇರ್. ರಫ್ ಅನ್ನು ಬೇರೆಯವರು ಮಾಡಿಕೊಡಲಿಕ್ಕೆ ಆಗುವುದಿಲ್ಲ.

ಇನ್ನೊಂದು, ಇದನ್ನು ಪಿಯುಸಿ ಮಕ್ಕಳ ಪೋಷಕರು ಬರೆದಿಟ್ಟುಕೊಳ್ಳಿ. ಒಪ್ಪಂದ ಇಲ್ಲದ ಕಾಲೇಜಿನಿಂದ ಎಕ್ಸ್‌ಚೇಂಜ್‌ಗೆ ಹೋಗುವುದು ಕಷ್ಟ. ಅಡ್ಮಿಷನ್ ಮಾಡಿಸುವ ಮೊದಲೇ ಕಚೇರಿಯಲ್ಲಿ ಕೇಳಿ: ಯಾವ ಯಾವ ಹೊರದೇಶದ ಕಲಾಶಾಲೆಗಳ ಜೊತೆ ಒಪ್ಪಂದ ಇದೆ, ಅದು ಇನ್ನೂ ಚಾಲ್ತಿಯಲ್ಲಿದೆಯಾ, ಹೋದ ವರ್ಷ ಯಾರಾದರೂ ಹೋಗಿದ್ದಾರಾ. ಹೋಗಿ ಬಂದವರು ಇದ್ದರೆ ಅವರನ್ನೇ ಹುಡುಕಿ ಮಾತಾಡಿಸಿ. ನಮಸ್ಕಾರ.