ಮೀಟರ್ ನಿಂತಾಗಲೂ ನಿಲ್ಲದ ಕೂಗು
(ಪತ್ರಿಕಾ ದಿನಾಚರಣೆ, ಕಲಬುರಗಿ: ಉಪನ್ಯಾಸದ ಪಠ್ಯ)

ಅಧ್ಯಕ್ಷರೆ, ಪತ್ರಕರ್ತ ಗೆಳೆಯರೆ, ಮುಂದಿನ ಸಾಲು ಖಾಲಿ ಬಿಟ್ಟು ಹಿಂದೆ ಹೋಗಿ ಕೂತ ವಿದ್ಯಾರ್ಥಿಗಳೆ,

1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು, ಅದರ ನೆನಪಿಗೆ ಇವತ್ತಿನ ಹಾರ, ಶಾಲು. ಅದರ ಸಂಪಾದಕ ಮೋಗ್ಲಿಂಗ್ ಬಗ್ಗೆ ಸ್ವಾಗತ ಭಾಷಣದಲ್ಲೇ ಹೇಳಿಯಾಯಿತು. ನಾನು ನೇರ ಟಿವಿಗೆ ಬರ್ತೀನಿ.

2020ರ ಮಾರ್ಚ್. ದೇಶದ ಮೊದಲ ಕೋವಿಡ್ ಸಾವು ನಮ್ಮೂರಿನದು. ಆ ಹಿರಿಯರು 10ರಂದು ತೀರಿಕೊಂಡರು, ಕೋವಿಡ್ ಅಂತ ಖಚಿತವಾದದ್ದು 12ರಂದು. ಮರುದಿನ ಬೆಳಿಗ್ಗೆ ನಾನು ಮಾಳಿಗೆ ಮೇಲಿದ್ದೆ. ಪಕ್ಕದ ಮನೆ ಕಾಕು ಶಾವಿಗೆ ಒಣಹಾಕಿ ಕೆಳಗಿಳಿದಿದ್ದರು. ಬೆಂಗಳೂರಿನಿಂದ ಅಕ್ಕನ ಫೋನು: “ತಮ್ಮಾ, ನಿಮ್ಮೂರು ಖಾಲಿ ಆಗ್ಯಾದಂತಲ್ಲೋ, ಟಿವಿಯಾಗ ತೋರ್ಸಲತ್ತಾರ. ನೀ ಎಲ್ಲಿದ್ದಿ?”

“ಮಾಳಗಿ ಮ್ಯಾಲ ಅದೀನಿ. ಕಾಕು ಶ್ಯಾವಿಗಿ ಕಾಗಿ ಒಯ್ಯಬಾರದಂತ ಕಾಯ್ಲತ್ತೀನಿ.”

ಅಕ್ಕ ನಗಲಿಲ್ಲ. ಇಳಿದು ಬಂದು ಟಿವಿ ಹಚ್ಚಿದೆ. ಸೂಪರ್ ಮಾರ್ಕೆಟ್ ರಸ್ತೆ, ಒಂದು ನಾಯಿಯೂ ಇಲ್ಲ. ಕೆಂಪು ಅಕ್ಷರದಲ್ಲಿ ‘ಸ್ಮಶಾನ ಮೌನ’, ಮೌನಕ್ಕೆ ಹಿನ್ನೆಲೆಯಾಗಿ ದೆವ್ವದ ಸಿನಿಮಾದ ಸಂಗೀತ! ಚಪ್ಪಲಿ ಮೆಟ್ಟಿ ಅಲ್ಲಿಗೇ ಹೋದೆ. ಸುಳ್ಳು ಹೇಳಲಾರೆ, ಜನ ಹೆದರಿದ್ದರು, ಅರ್ಧ ಮಂದಿ ಮೂಗಿಗೆ ಕರವಸ್ತ್ರ ಕಟ್ಟಿದ್ದರು. ಆದರೆ ಪುಂಡಿಪಲ್ಯದ ಸಿವುಡಿಗೆ ಚೌಕಾಸಿ ಮಾತ್ರ ಜೋರಾಗಿಯೇ ನಡೆದಿತ್ತು.

ಪರಿಚಯದ ಕ್ಯಾಮೆರಾ ಹುಡುಗ ಸಿಕ್ಕ. ಕೇಳಿದೆ, “ಎಷ್ಟೊತ್ತಿಗೆ ತೆಗೆದಿಯೋ ಅದನ್ನ?”

“ಆರಕ್ಕ, ಸರ. ಅಂಗಡಿ ತೆಗಿಯೋಕಿಂತ ಮೊದಲ. ಆಫೀಸಿನ ಡೆಸ್ಕಿನವರು ಖಾಲಿ ರಸ್ತೆನೇ ಬೇಕಂದ್ರು.”

ನೋಡ್ರಿ, ಆ ಚಿತ್ರ ಸುಳ್ಳಲ್ಲ. ಗಡಿಯಾರವನ್ನಷ್ಟೇ ಮುಚ್ಚಿಟ್ಟರು. ಅದೇ ವಾರ ನಮ್ಮ ಓಣಿಯ ಹುಡುಗನೊಬ್ಬನಿಗೆ ಬೆಂಗಳೂರಿನ ರೂಮಿನ ಮಾಲೀಕರು ಬ್ಯಾಗು ತೆಗೆದುಕೊಂಡು ಹೋಗು ಅಂದರು. ಅವನು ಊರಿಗೆ ಬಂದು ಹೋಗಿ ಮೂರು ತಿಂಗಳಾಗಿತ್ತು ಪಾಪ.

ಯಾಕೆ ಹೀಗೆ ಅಂತ ಕೇಳಿದರೆ ವಾಹಿನಿಯವರದು ಒಂದೇ ಉತ್ತರ: ಟಿಆರ್‌ಪಿ, ಅಂದರೆ ಯಾವ ವಾಹಿನಿಯನ್ನು ಎಷ್ಟು ಜನ ನೋಡುತ್ತಾರೆ ಅನ್ನುವ ರೇಟಿಂಗ್. ಆಗ ಇಡೀ ದೇಶದಲ್ಲಿ ಆ ಲೆಕ್ಕ ಹಿಡಿಯುವ ಬಾರ್ಕ್ ಸಂಸ್ಥೆಯ ಮೀಟರ್ ಇದ್ದದ್ದು ಸುಮಾರು 44,000 ಮನೆಗಳಲ್ಲಿ. ಅದಕ್ಕೆ ಅಂಜಿ ಕೂಗುತ್ತೇವೆ ಅನ್ನುತ್ತಾರೆ. ಇರಲಿ. ಆ ವರ್ಷದ ಅಕ್ಟೋಬರಿನಲ್ಲಿ, ಕೆಲವು ವಾಹಿನಿಗಳು ಮೀಟರ್ ಇರುವ ಮನೆಗಳಿಗೆ ದುಡ್ಡು ಹಂಚಿವೆ ಅಂತ ಮುಂಬೈ ಪೊಲೀಸರು ಆರೋಪ ಮಾಡಿದರು. ಅದೇ ತಿಂಗಳು ಬಾರ್ಕ್ ಸುದ್ದಿ ವಾಹಿನಿಗಳ ವಾರದ ರೇಟಿಂಗ್ ಪ್ರಕಟಿಸುವುದನ್ನೇ ನಿಲ್ಲಿಸಿತು. ಮತ್ತೆ ಶುರುವಾದದ್ದು 2022ರ ಮಾರ್ಚಿನಲ್ಲಿ. ಪರೀಕ್ಷೆ ಬರೆದವರಿಗೆ ಹದಿನೇಳು ತಿಂಗಳು ಅಂಕಪಟ್ಟಿಯೇ ಇಲ್ಲ. ಕೂಗು ಕಡಿಮೆ ಆಯಿತೇನ್ರಿ?

ಅದೇ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಬಂದಳು. ಟಿವಿಯಲ್ಲಿ ವರದಿಗಾರ ಎದೆಮಟ್ಟದ ನೀರಿನಲ್ಲಿ ನಿಂತು ಅರಚುತ್ತಿದ್ದ. ಅವನ ಹಿಂದೆ ಎಮ್ಮೆಯೊಂದು ಮೊಣಕಾಲು ನೀರಿನಲ್ಲಿ ಆರಾಮಾಗಿ ನಡೆದುಹೋಯಿತು. ಇವನು ಕುಕ್ಕರುಗಾಲಲ್ಲಿ ಕೂತಿದ್ದ! (ನಗಬೇಡಿ, ನಿಮಗೂ ನಾಳೆ ಹೀಗೇ ಕೂರು ಅಂತಾರೆ.) ನೀರಿನಡಿ ಹೋದ ತೊಗರಿಯನ್ನು ಅವನು ಕೇಳಲಿಲ್ಲ. ಆಗ ಯಾವ ರೇಟಿಂಗೂ ಬರುತ್ತಿರಲಿಲ್ಲ, ನೆನಪಿರಲಿ. ಮುಂದೆ 2022ರಲ್ಲಿ ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗಿತು. ಅಷ್ಟೊತ್ತಿಗೆ ರೇಟಿಂಗ್ ಮರಳಿತ್ತು. ತೊಗರಿಗೆ ಒಂದು ಗಂಟೆಯ ಚರ್ಚೆ ಇಟ್ಟ ವಾಹಿನಿಯನ್ನು ನಾನಂತೂ ಆಗಲೂ ನೋಡಲಿಲ್ಲ. ರೇಟಿಂಗ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹಾಗಾದರೆ ಅದು ಮೀಟರಿನ ಕಾಟವಲ್ಲ, ಡೆಸ್ಕಿನ ಚಾಳಿ.

ಚೀಟಿ ಬಂತು, ಎರಡು ನಿಮಿಷವಂತೆ. 1995ರ ಕೇಬಲ್ ಟಿವಿ ಕಾಯ್ದೆ, 2021ರ ಜನವರಿಯಲ್ಲಿ ಮಾಧ್ಯಮ ವಿಚಾರಣೆ ಬಗ್ಗೆ ಬಾಂಬೆ ಹೈಕೋರ್ಟ್ ಕೊಟ್ಟ ತೀರ್ಪು, ಇವೆಲ್ಲ ಬರೆದುಕೊಂಡು ಬಂದಿದ್ದೆ. ನಿಮ್ಮ ಪ್ರಾಧ್ಯಾಪಕರಿಗೆ ಬಿಡ್ತೀನಿ, ಪರೀಕ್ಷೆಗೆ ಹೇಗೂ ಕೇಳ್ತಾರೆ.

ಆ ಕ್ಯಾಮೆರಾ ಹುಡುಗ ಅವತ್ತು ಒಂಬತ್ತು ಗಂಟೆಗೂ ಅದೇ ರಸ್ತೆಯನ್ನು ತೆಗೆದಿದ್ದ, ಪುಂಡಿಪಲ್ಯದ ಚೌಕಾಸಿ ಸಮೇತ. ಕಳಿಸಿದ್ದನ್ನು ಯಾರೂ ಹಾಕಲಿಲ್ಲ. ಇನ್ನೂ ಅವನ ಹಾರ್ಡ್‌ಡಿಸ್ಕಿನಲ್ಲಿದೆ. ಹೆಸರು ಹೇಳಬೇಡಿ ಸರ ಅಂದಿದ್ದಾನೆ, ಹೇಳಲ್ಲ. ಹಿಂದಿನ ಸಾಲಿನಲ್ಲೇ ಕೂತಿದ್ದಾನೆ. ಚಹಾದ ಹೊತ್ತಿಗೆ ಕೇಳಿ, ತೋರಿಸ್ತಾನೆ.