ಗೆರೆಯಿಂದ ಹಿಂದಕ್ಕೆ ಎಣಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾರ್ಚ್ ಬಂತೆಂದರೆ ಪುಣೆಯ ನಮ್ಮ ಸೈಕಲ್ ಗೆಳೆಯರ ನಡುವೆ ಒಂದೇ ಮಾತು. ಈ ಸಲ ಮಿಲಾನ್–ಸಾನ್ ರೆಮೊ ಸೈಕಲ್ ರೇಸ್ ಯಾರದು? ನಿಗಡಿ, ಚಿಂಚವಾಡದಲ್ಲಿ ನೆಲೆಸಿರುವ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರೇ ಈ ಗುಂಪಿನಲ್ಲಿ ಜಾಸ್ತಿ. ಸೈಕಲ್ ರೇಸಿನ ಹುಚ್ಚು ಅವರಿಗೆ ಊರಿನಿಂದಲೇ ಬಂದದ್ದು. ರೇಸಿಗೆ ಮೊದಲು ಎಲ್ಲರೂ ಒಂದು ಚೀಟಿಯಲ್ಲಿ ಒಂದೇ ಹೆಸರು ಬರೆಯಬೇಕು, ಕೆಳಗೆ ಕಾರಣವನ್ನೂ ಬರೆಯಬೇಕು. ನನಗೆ ಹೆಸರಿಗಿಂತ ಆ ಕಾರಣವೇ ಮುಖ್ಯ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಈ ರೇಸ್ ಶುರುವಾದದ್ದು 1907ರಲ್ಲಿ. ಇಟಲಿಯ ವೃತ್ತಿಪರ ಸವಾರರ ಒಂದು ದಿನದ ರೇಸ್ ಇದು, ದೊಡ್ಡ ರೇಸ್‌ಗಳ ಪೈಕಿ ಅತಿ ಉದ್ದದ್ದು. 2025ರಲ್ಲಿ ದೂರ 289 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ, ಸ್ವಾರಗೇಟ್‌ನಲ್ಲಿ ಹೊರಟು ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಸಂಕೇಶ್ವರದ ಹತ್ತಿರ ಹೋದಷ್ಟು. 2024ರಲ್ಲಿ ಹೆಚ್ಚುಕಡಿಮೆ ಇಷ್ಟೇ ದೂರವನ್ನು ಆರೂಕಾಲು ಗಂಟೆಯಲ್ಲಿ ಮುಗಿಸಿದರು. ಗಂಟೆಗೆ ಸರಾಸರಿ 46 ಕಿಲೋಮೀಟರ್! ಹಬ್ಬಕ್ಕೆ ಬಸ್ಸಿನಲ್ಲಿ ಊರಿಗೆ ಹೋಗುವವರಿಗೆ ಇದು ಎಂಥ ವೇಗ ಅಂತ ಗೊತ್ತಾಗುತ್ತದೆ.

ಇಷ್ಟು ಉದ್ದದ ರೇಸಿನಲ್ಲಿ ಯಾರು ಗೆಲ್ಲುತ್ತಾರೆ ಅಂತ ಹೇಳುವುದು ಹೇಗೆ? ನಾನು ಹೇಳುವುದು ಇಷ್ಟೇ. ಗೆರೆಯಿಂದ ಹಿಂದಕ್ಕೆ ಎಣಿಸಿ. ಕೊನೆಯ ಏರಿನ ತುದಿಯಿಂದ ಗೆರೆಗೆ, ಅಂದರೆ ರೇಸ್ ಮುಗಿಯುವ ಜಾಗಕ್ಕೆ, ಎಷ್ಟು ದೂರ? ಮೊದಲು ಅದನ್ನು ನೋಡಿ.

ನಮ್ಮ ಮುಂಬಯಿ–ಪುಣೆ ರೇಸನ್ನೇ ನೋಡಿ. ಖೋಪೋಲಿಯಿಂದ ಖಂಡಾಲಾಕ್ಕೆ ಬೋರ್ ಘಾಟ್ ಹತ್ತುವಾಗ ಎಲ್ಲರಿಗಿಂತ ಮುಂದೆ ಹೋದವನಿಗೆ ‘ಘಾಟಾಚಾ ರಾಜಾ’ ಅನ್ನುವ ಮರ್ಯಾದೆ ಸಿಗುತ್ತದೆ. ಆದರೆ ಲೋಣಾವಳಾದಿಂದ ಪುಣೆಗೆ ಇನ್ನೂ 60 ಕಿಲೋಮೀಟರ್‌ಗೂ ಜಾಸ್ತಿ ಇದೆ. ಘಾಟಿನಲ್ಲಿ ಹಿಂದೆ ಬಿದ್ದವರು ನಾಲ್ಕೈದು ಮಂದಿ ಸೇರಿಕೊಂಡು, ಸರದಿಯಲ್ಲಿ ಗಾಳಿಗೆ ಎದೆಯೊಡ್ಡಿ ತುಳಿದರೆ ಅವನನ್ನು ಹಿಡಿಯುವುದಕ್ಕೆ ಬೇಕಾದಷ್ಟು ರಸ್ತೆ ಇದೆ. ಹಾಗಾಗಿ ಘಾಟಿನ ರಾಜನೇ ಪುಣೆಯಲ್ಲೂ ಗೆಲ್ಲುತ್ತಾನೆ ಅಂತ ಕಣ್ಣು ಮುಚ್ಚಿ ಬರೆಯುವ ಹಾಗಿಲ್ಲ.

ಸಾನ್ ರೆಮೊದಲ್ಲಿ ಇದು ಪೂರ್ತಿ ಉಲ್ಟಾ. ಕೊನೆಯ ಏರಿನ ಹೆಸರು ಪೊಜ್ಜೊ. ಉದ್ದ 3.7 ಕಿಲೋಮೀಟರ್, ಏರು ನೂರು ಮೀಟರಿಗೆ ನಾಲ್ಕು ಮೀಟರೂ ಇಲ್ಲ. ಸಿಂಹಗಡ ಹತ್ತಿ ಅಭ್ಯಾಸವಿರುವ ನಮ್ಮ ಹುಡುಗರು ಮೊದಲ ಸಲ ಅದನ್ನು ನೋಡಿದಾಗ “ಇಷ್ಟೇನಾ ಅಣ್ಣಾ?” ಅಂದಿದ್ದರು. ಹೌದು, ಇಷ್ಟೇ. ಆದರೆ ಅದರ ತುದಿಯಿಂದ ಗೆರೆಗೆ ಐದೂವರೆ ಕಿಲೋಮೀಟರ್ ಮಾತ್ರ. ಅದರಲ್ಲೂ ಮೂರು ಕಿಲೋಮೀಟರಿಗಿಂತ ಜಾಸ್ತಿ ತಿರುವು ತಿರುವಿನ ಇಳಿಜಾರು. ತುದಿಯಲ್ಲಿ ಐದಾರು ಸೆಕೆಂಡ್ ಮುಂದಿದ್ದರೂ ಸಾಕು, ಹಿಡಿಯುವುದು ಕಷ್ಟ.

ಇನ್ನೊಂದು ಮಾತು. ಏರು ಇಷ್ಟು ಸಲೀಸಾಗಿರುವುದರಿಂದಲೇ ಬಲಶಾಲಿಗೆ ಇಲ್ಲಿ ತೊಂದರೆ. ಕಡಿದಾದ ಘಾಟಿನಲ್ಲಿ ವೇಗ ಕಡಿಮೆ, ಗಾಳಿಯ ತಡೆಯೂ ಕಡಿಮೆ, ಗಟ್ಟಿಗ ಸುಮ್ನೆ ಬಿಟ್ಟು ಹೋಗುತ್ತಾನೆ. ಪೊಜ್ಜೊವನ್ನು ಮುಂದಿನವರು ಆರು ನಿಮಿಷದೊಳಗೆ ಹತ್ತಿ ಮುಗಿಸುತ್ತಾರೆ. ಆ ವೇಗದಲ್ಲಿ ಮುಂದಿನವನ ಹಿಂದೆ ಅಂಟಿಕೊಂಡವನಿಗೆ ಶ್ರಮ ಎಷ್ಟೋ ಉಳಿಯುತ್ತದೆ. ಅದಕ್ಕೇ ತದೇಯ್ ಪೊಗಾಚಾರ್ ಅಂಥವನು, ಟೂರ್ ದ ಫ್ರಾನ್ಸ್ ಗೆದ್ದವನು, 2024ರಲ್ಲೂ 2025ರಲ್ಲೂ ಇಲ್ಲಿ ಮೂರನೆಯವನಾದ.

2025ರ ರೇಸ್ ಮಾತ್ರ ನನಗೆ ತುಂಬಾ ಇಷ್ಟ. ಪೊಗಾಚಾರ್ ಪೊಜ್ಜೊವರೆಗೆ ಕಾಯಲಿಲ್ಲ. ಅದಕ್ಕಿಂತ ಮೊದಲು ಬರುವ ಚಿಪ್ರೆಸ್ಸಾ ಏರಿನಲ್ಲೇ ಬಾರಿಸಿದ, ಅಂದರೆ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿ ಉಳಿದವರನ್ನು ಹಿಂದೆ ಹಾಕಲು ನೋಡಿದ. ಅಲ್ಲಿಂದ ಗೆರೆಗೆ 20 ಕಿಲೋಮೀಟರ್‌ಗೂ ಜಾಸ್ತಿ. 1996ರ ನಂತರ ಚಿಪ್ರೆಸ್ಸಾದಲ್ಲಿ ಶುರುವಾದ ಓಟ ಗೆರೆಯವರೆಗೆ ಉಳಿದದ್ದೇ ಇರಲಿಲ್ಲ. ಎರಡು ಏರುಗಳ ನಡುವೆ ಸಮುದ್ರದ ಪಕ್ಕದಲ್ಲಿ ಸುಮಾರು ಒಂಬತ್ತು ಕಿಲೋಮೀಟರ್ ಸಪಾಟು ರಸ್ತೆ ಇದೆ. ಒಬ್ಬನೇ ಇದ್ದರೆ ಅಲ್ಲೇ ಸುಸ್ತಾಗುತ್ತಾನೆ. ಆ ದಿನ ಅವನ ಜೊತೆ ಮಾಥ್ಯೂ ವ್ಯಾನ್ ಡರ್ ಪೂಲ್ ಮತ್ತು ಫಿಲಿಪ್ಪೊ ಗಾನ್ನಾ ಉಳಿದರು. ಪೊಜ್ಜೊದಲ್ಲಿ ಪೊಗಾಚಾರ್ ಮತ್ತೆ ಮತ್ತೆ ಬಾರಿಸಿದ. ವ್ಯಾನ್ ಡರ್ ಪೂಲ್ ಕದಲಲಿಲ್ಲ. ಗಾನ್ನಾ ಹಿಂದೆ ಬಿದ್ದ, ಆದರೆ ಕೈ ಬಿಡಲಿಲ್ಲ, ಕೊನೆಗೆ ಬಂದು ಕೂಡಿಕೊಂಡ. ಗೆರೆಗೆ ಸ್ವಲ್ಪ ಮುಂಚೆ ಇದ್ದ ಬಲವನ್ನೆಲ್ಲ ಹಾಕಿ ತುಳಿಯುವ ಮೂವರ ಸ್ಪ್ರಿಂಟ್‌ನಲ್ಲಿ ವ್ಯಾನ್ ಡರ್ ಪೂಲ್ ಗೆದ್ದ, ಗಾನ್ನಾ ಎರಡನೆಯವನು. ಎಲ್ಲರಿಗಿಂತ ಜಾಸ್ತಿ ದುಡಿದವನು ಮೂರನೆಯವನು. ಗೆರೆಯಿಂದ ಹಿಂದಕ್ಕೆ ಎಣಿಸಿದವರಿಗೆ ಇದು ಆಶ್ಚರ್ಯವಲ್ಲ. ಪೊಜ್ಜೊ ತುದಿಯಲ್ಲಿ ಒಬ್ಬನೇ ಆಗದಿದ್ದರೆ ಪೊಗಾಚಾರ್‌ಗೆ ಸ್ಪ್ರಿಂಟ್ ತಪ್ಪಿದ್ದಲ್ಲ. ಆ ಸ್ಪ್ರಿಂಟ್‌ನಲ್ಲಿ ಉಳಿದಿಬ್ಬರೂ ಅವನಿಗಿಂತ ವೇಗ.

ಚೀಟಿ ಬರೆಯುವಾಗ ಎಲ್ಲರೂ ಮರೆಯುವುದು ಜೊತೆಗಾರನನ್ನು. 2024ರಲ್ಲಿ ವ್ಯಾನ್ ಡರ್ ಪೂಲ್ ಹಿಂದಿನ ವರ್ಷದ ವಿಜೇತ. ಆದರೆ ಅವನ ತಂಡದ ಯಾಸ್ಪರ್ ಫಿಲಿಪ್ಸನ್ ಒಳ್ಳೆಯ ಸ್ಪ್ರಿಂಟರ್, ಪೊಜ್ಜೊ ದಾಟಿ ಮುಂದಿನ ಗುಂಪಿನಲ್ಲೇ ಉಳಿದಿದ್ದ. ಕೊನೆಯಲ್ಲಿ ಓಡಿಹೋಗಲು ನೋಡಿದವರನ್ನು ವ್ಯಾನ್ ಡರ್ ಪೂಲ್ ತಾನೇ ಬೆನ್ನಟ್ಟಿದ. ತನ್ನ ಗೆಲುವಿನ ಆಸೆ ಬಿಟ್ಟು ದುಡಿದ. ಗೆದ್ದವನು ಫಿಲಿಪ್ಸನ್. ನನಗೆ ಆ ದಿನ ವ್ಯಾನ್ ಡರ್ ಪೂಲ್ ಮೇಲೆ ಹುಟ್ಟಿದ ಗೌರವ ಅವನ ಗೆಲುವುಗಳಿಂದಲೂ ಹುಟ್ಟಿರಲಿಲ್ಲ.

ಜೊತೆಗಾರ ಇಲ್ಲದ ದೊಡ್ಡವರು ಒಂದೇ ಕಡೆ ಸೇರಿದರೆ ಏನಾಗುತ್ತದೆ? 2021ನ್ನು ನೆನಪಿಸಿಕೊಳ್ಳಿ. ವ್ಯಾನ್ ಡರ್ ಪೂಲ್, ವೌಟ್ ವ್ಯಾನ್ ಆರ್ಟ್, ಜೂಲಿಯನ್ ಅಲಾಫಿಲಿಪ್, ಮೂವರ ಮೇಲೂ ಎಲ್ಲರ ಕಣ್ಣು. ಇಳಿಜಾರು ಮುಗಿಯುತ್ತಿದ್ದಂತೆ ಬೆಲ್ಜಿಯಂನ ಯಾಸ್ಪರ್ ಸ್ಟೌವೆನ್ ಎದ್ದು ಹೊರಟ. ಬೆನ್ನಟ್ಟುವುದು ಯಾರು? ಬೆನ್ನಟ್ಟಿದವನು ಸುಸ್ತಾಗಿ ಇನ್ನೊಬ್ಬನಿಗೆ ಗೆಲುವು ಕೊಟ್ಟ ಹಾಗೆ ಆಗುತ್ತದೆ, ಅಲ್ವಾ? ನೀನು ಹೋಗು, ನೀನು ಹೋಗು ಅಂತ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಸ್ಟೌವೆನ್ ಗೆದ್ದಿದ್ದ. ಹೀಗೆ ಹಿಂದಿನವರು ತಡವರಿಸುವ ಆ ಕೆಲವು ಸೆಕೆಂಡ್‌ಗಳನ್ನು ತುಳಿಯುವ ಶಕ್ತಿಯ ಯಾವ ವಾಟ್ ಲೆಕ್ಕವೂ ಹೇಳಿಕೊಡುವುದಿಲ್ಲ. ಯಾರಿಗೆ ಯಾರ ಭಯ ಅನ್ನುವುದನ್ನು ತಿಳಿದಿರಬೇಕು.

ಇಳಿಜಾರಿನಲ್ಲೂ ಗೆಲ್ಲಬಹುದು. 2022ರಲ್ಲಿ ಮಾತೇಯ್ ಮೊಹೊರಿಚ್ ಮೌಂಟನ್ ಬೈಕಿನಲ್ಲಿರುವಂಥ, ಬೇಕಾದಾಗ ಕೆಳಕ್ಕಿಳಿಯುವ ಸೀಟ್ ಪೋಸ್ಟ್ ಹಾಕಿಕೊಂಡು ಬಂದ. ಮೈ ನೆಲದ ಹತ್ತಿರ ಇಟ್ಟುಕೊಂಡು ಪೊಜ್ಜೊ ಇಳಿದ, ಒಬ್ಬನೇ ಗೆರೆ ಮುಟ್ಟಿದ. ಇನ್ನು ಹವಾಮಾನ. 2013ರಲ್ಲಿ ಹಿಮ ಬಿದ್ದು ಸವಾರರನ್ನು ನಡುವೆ ಬಸ್ಸಿನಲ್ಲಿ ಕೂರಿಸಿ ಸಾಗಿಸಬೇಕಾಯಿತು. ಅಂಥ ದಿನ ಚೀಟಿಗೆ ಅರ್ಥವಿಲ್ಲ.

ಆದರೆ ಗಾಳಿಗೆ ಅರ್ಥವಿದೆ. ಚಿಪ್ರೆಸ್ಸಾ, ಪೊಜ್ಜೊ ನಡುವಿನ ಆ ಸಮುದ್ರದಂಡೆಯಲ್ಲಿ ಎದುರುಗಾಳಿ ಇದ್ದರೆ ಓಡಿಹೋದವನನ್ನು ಗುಂಪು ಹಿಡಿದುಬಿಡುತ್ತದೆ. ಆಗ ನಾನು ಸ್ಪ್ರಿಂಟರ್ ಹೆಸರನ್ನೇ ಬರೆಯುತ್ತೇನೆ. ಅದೂ ಸುಮ್ನೆ ಯಾವ ಸ್ಪ್ರಿಂಟರೋ ಅಲ್ಲ. 200 ಕಿಲೋಮೀಟರ್ ಆದ ಮೇಲೆ ಇರುವ ವೇಗ 290 ಆದ ಮೇಲೆ ಎಲ್ಲರಿಗೂ ಇರುವುದಿಲ್ಲ. ಎರಿಕ್ ಸಾಬೆಲ್‌ಗೆ ಇತ್ತು, ನಾಲ್ಕು ಸಲ ಗೆದ್ದ. ಐದನೆಯದೂ ಸಿಗಬೇಕಿತ್ತು. 2004ರಲ್ಲಿ ಗೆರೆ ಮುಟ್ಟುವ ಮೊದಲೇ ಕೈ ಎತ್ತಿದ, ಪಕ್ಕದಿಂದ ಆಸ್ಕರ್ ಫ್ರೇರೆ ಚಕ್ರ ಮುಂದೆ ಹಾಕಿದ. ಈಗಲೂ ಅದನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ರೇಸಿನ ಕೊನೆ ನಮಗೆ ರಾತ್ರಿ ಒಂಬತ್ತು ದಾಟಿದ ಮೇಲೆ. ಊಟ ಮುಗಿಸಿ ಎಂಟೂವರೆಗೆ ಕೂತರೆ ಸಾಕು. ಚಿಪ್ರೆಸ್ಸಾದ ಬುಡದಲ್ಲಿ ಮೊದಲ ಹದಿನೈದು ಸ್ಥಾನದಲ್ಲಿ ಯಾರಿದ್ದಾರೆ ನೋಡಿ. ನಿಮ್ಮ ಚೀಟಿಯ ಹೆಸರು ಅಲ್ಲಿ ಇಲ್ಲದಿದ್ದರೆ ಆಸೆ ಬಿಡಿ. ಆಮೇಲೆ ಪೊಜ್ಜೊ ತುದಿಯಲ್ಲಿ ಮುಂದಿರುವವರು ಮೂವರಾ, ಮೂವತ್ತಾ, ಅದನ್ನು ಎಣಿಸಿ. ಗಾಳಿ ಬೆನ್ನಿಗಿದ್ದರೆ ನನ್ನ ಚೀಟಿಯಲ್ಲಿ ವ್ಯಾನ್ ಡರ್ ಪೂಲ್. ಎದುರಿಗಿದ್ದರೆ ಫಿಲಿಪ್ಸನ್. ನಿಮ್ಮದು ಯಾರು, ಯಾಕೆ ಅಂತ ಈಗಲೇ ಬರೆದಿಡಿ. ನಮಸ್ಕಾರ.