ಗನ್ನಿಗೆ ದುಡ್ಡು ಸುರಿದಿದ್ದು ಸಾಕು, ಸ್ವಲ್ಪ ಕಾಲಿನ ಕಡೆ ನೋಡಿ

ನಮಸ್ಕಾರ ಎಲ್ಲರಿಗೂ. ಇಂಗ್ಲೆಂಡಿನ ಕಾಡಿನಲ್ಲಿ ಮಳೆಗೆ ನೆನೆದು, ಕೆಸರಲ್ಲಿ ಬಿದ್ದು, ಆಮೇಲೆ ಮನೆಗೆ ಬಂದು ಕನ್ನಡದಲ್ಲಿ ಏರ್‌ಸಾಫ್ಟ್ ಬಗ್ಗೆ ಮಾತಾಡುವ ಚಾನೆಲ್ ಇದು. ಇಂಥದ್ದು ಇನ್ನೊಂದು ಇದ್ದರೆ ಲಿಂಕ್ ಕಳಿಸಿ, ನಾನೇ ಮೊದಲು ಸಬ್‌ಸ್ಕ್ರೈಬ್ ಆಗುತ್ತೇನೆ. ಅಲ್ಲಿಯವರೆಗೆ ನೀವು ಇದಕ್ಕೆ ಆಗಿ.

ಇವತ್ತು ಹಾಪ್-ಅಪ್, ಅಂದರೆ ಗುಂಡಿಗೆ ಹಿಮ್ಮುಖ ತಿರುಗು ಕೊಟ್ಟು ದೂರ ಕಳಿಸುವ ಭಾಗ, ಅದನ್ನು ಸೆಟ್ ಮಾಡುವುದು ಹೇಗೆ ಅಂತ ತೋರಿಸಬೇಕಿತ್ತು. ಸ್ಕ್ರಿಪ್ಟ್ ರೆಡಿ ಇತ್ತು. ಟೇಬಲ್ ಮೇಲೆ ಗನ್ ಬಿಚ್ಚಿಟ್ಟಿದ್ದೆ. ಅಷ್ಟರಲ್ಲಿ ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಕಣ್ಣಿಗೆ ಬಿತ್ತು. ಹೋದ ಸಲ ಬಸ್ಕಿ ಹೊಡೆಯಿರಿ ಅಂದಿದ್ದೆ, ನೆನಪಿದೆ ಅಲ್ವಾ? ಅದಕ್ಕೆ ಒಬ್ಬರು ಬರೆದಿದ್ದಾರೆ: ‘ಅಣ್ಣಾ, ಪ್ಲಾಸ್ಟಿಕ್ ಗುಂಡಿನ ಆಟಕ್ಕೆ ಬಸ್ಕಿ ಯಾಕೆ? ಸುಮ್ನೆ ಒಳ್ಳೆ ಬ್ಯಾರೆಲ್ ಯಾವುದು ಹೇಳಿ.’ ಅದರ ಕೆಳಗೆ ಲೈಕುಗಳ ಸಾಲು. ನಗುವ ಮುಖಗಳು ಬೇರೆ.

ಆಯ್ತು. ಹಾಪ್-ಅಪ್ ಮುಂದಿನ ಸಲ. ಇವತ್ತು ಕಾಲು.

ಹೊಸಬರಿಗೆ ಎರಡು ಮಾತು. ಏರ್‌ಸಾಫ್ಟ್ ಅಂದರೆ ಬಿಬಿ ಅನ್ನುವ 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ಹಾರಿಸುವ ಗನ್ ಹಿಡಿದು ಆಡುವ ಆಟ. 1970ರ ದಶಕದಲ್ಲಿ ಜಪಾನಿನಲ್ಲಿ ಶುರುವಾಯಿತು. ಪೇಂಟ್‌ಬಾಲ್ ಹಾಗೆ ಮೈಮೇಲೆ ಬಣ್ಣದ ಗುರುತು ಬೀಳಲ್ಲ. ಏಟು ಬಿದ್ದವರು ತಾವೇ ಕೈ ಎತ್ತಿ ‘ಹಿಟ್’ ಅನ್ನಬೇಕು. ಪೂರ್ತಿ ಪ್ರಾಮಾಣಿಕತೆಯ ಮೇಲೆ ನಡೆಯುವ ಆಟ. ಹೌದು, ದೊಡ್ಡವರೇ ಆಡುತ್ತಾರೆ. ನಗಬೇಡಿ.

ಈಗ ಬ್ಯಾರೆಲ್ ವಿಷಯಕ್ಕೆ ಬರೋಣ. ಒಳ್ಳೆ ಬ್ಯಾರೆಲ್ ಹಾಕಿದರೆ ಏನಾಗುತ್ತದೆ? ಗುರಿ ಸ್ವಲ್ಪ ಸುಧಾರಿಸಬಹುದು. ಸ್ಪ್ರಿಂಗ್ ಬಿಗಿ ಮಾಡಿದರೆ? ಬಿಬಿ ಜೋರಾಗಿ ಹೋಗುತ್ತದೆ. ಎಷ್ಟು ಜೋರಾಗಿ? ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನೇ ಇದೆ. 2017ರ ಪೊಲೀಸಿಂಗ್ ಅಂಡ್ ಕ್ರೈಮ್ ಕಾಯ್ದೆಯ ಪ್ರಕಾರ ಗುಂಡಿನ ಶಕ್ತಿಯ ಮಿತಿ ಆಟೊಮ್ಯಾಟಿಕ್ ಆಗಿ ಹಾರುವುದಕ್ಕೆ 1.3 ಜೂಲ್, ಒಂದೊಂದೇ ಹಾರುವುದಕ್ಕೆ 2.5 ಜೂಲ್. ಅದು ದಾಟಿದರೆ ಅದು ಏರ್‌ಸಾಫ್ಟ್ ಗನ್ನೇ ಅಲ್ಲ. ಸೈಟಿನವರು, ಅಂದರೆ ಆಟದ ಜಾಗ ನಡೆಸುವವರು, ಅದಕ್ಕಿಂತ ಕೆಳಗೇ ಗೆರೆ ಎಳೆಯುತ್ತಾರೆ. ಸಾಮಾನ್ಯವಾಗಿ 0.20 ಗ್ರಾಂ ಬಿಬಿಗೆ ಸೆಕೆಂಡಿಗೆ 350 ಅಡಿ, ಅಂದರೆ ಸುಮಾರು 1.14 ಜೂಲ್. ಬೆಳಿಗ್ಗೆ ಕ್ರೋನೋ ಅನ್ನುವ ವೇಗ ಅಳೆಯುವ ಯಂತ್ರದ ಮುಂದೆ ಸಾಲಾಗಿ ನಿಲ್ಲಿಸಿ ಅಳೆಯುತ್ತಾರೆ. 360 ಬಂದರೆ ಗನ್ ವಾಪಸ್ ಕಾರಿಗೆ.

ಇದರ ಅರ್ಥ ಏನು? ನೀವು ನೂರು ಪೌಂಡಿನ ಗನ್ ತನ್ನಿ, ಸಾವಿರ ಪೌಂಡಿನದು ತನ್ನಿ, ಗೆರೆ ಒಂದೇ. ದುಡ್ಡು ಕೊಟ್ಟು ಜೋರು ಕೊಳ್ಳಲು ಆಗಲ್ಲ. ಎಲ್ಲರ ಗನ್ನೂ ಸಮ ಮಾಡಿಟ್ಟಿರುವ ಆಟ ಇದು. ಹಾಗಾದರೆ ಇಬ್ಬರು ಆಟಗಾರರ ನಡುವೆ ಉಳಿದ ವ್ಯತ್ಯಾಸ ಏನು? ಕಾಲು ಸ್ವಾಮಿ. ಕಾಲು ಮತ್ತು ದಮ್ಮು.

ಇನ್ನೊಂದು ವಿಷಯ ಕೇಳಿ, ಇದು ನನಗೆ ಬಹಳ ಇಷ್ಟ. ಬಿಬಿ ಬಹಳ ಹಗುರ. ಗಾಳಿ ಅದನ್ನು ತಡೆದು ತಡೆದು ಸುಸ್ತು ಮಾಡುತ್ತದೆ. ನಲವತ್ತು ಮೀಟರ್ ದೂರ ಹೋಗಲು ಅದಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿಯೇ ಬೇಕು. ಬಿಳಿ ಬಿಬಿ ಬರುವುದು ಕಣ್ಣಿಗೆ ಕಾಣುತ್ತದೆ. ಅಂದರೆ ಅಷ್ಟು ದೂರದಲ್ಲಿ ತಪ್ಪಿಸಿಕೊಳ್ಳಬಹುದು! ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಸಾಕು. ಎದುರಾಳಿಯ ದುಬಾರಿ ಬ್ಯಾರೆಲ್ ಎಷ್ಟು ನೇರವಾಗಿ ಹೊಡೆದರೇನು, ನೀವು ಅಲ್ಲಿ ಇಲ್ಲವಲ್ಲ. ಆದರೆ ಆ ಒಂದು ಹೆಜ್ಜೆ ಇಡುವವರು ಯಾರು? ಮಧ್ಯಾಹ್ನ ಮೂರು ಗಂಟೆಗೆ, ಮರಕ್ಕೆ ಒರಗಿ ಏದುಸಿರು ಬಿಡುತ್ತಾ ನಿಂತವರಾ?

ಭಾನುವಾರದ ಒಂದು ಸೈಟ್ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಿಗ್ಗೆ ಸೇಫ್ಟಿ ಮಾತು ಮುಗಿಸಿ ಹತ್ತು ಗಂಟೆ ಹೊತ್ತಿಗೆ ಆಟ ಶುರು. ಸಂಜೆ ನಾಲ್ಕರವರೆಗೆ ನಡೆಯುತ್ತದೆ. ಬೆಳಿಗ್ಗೆ ಎಲ್ಲರೂ ಹುಲಿಗಳೇ. ಹೆಲ್ಮೆಟ್, ಹೆಲ್ಮೆಟ್ ಮೇಲೆ ಕ್ಯಾಮೆರಾ, ಎದೆ ಮೇಲೆ ಪ್ಲೇಟ್ ಕ್ಯಾರಿಯರ್ ಅನ್ನುವ ಸೈನಿಕರ ರಕ್ಷಾಕವಚದ ಅಂಗಿ, ಸೊಂಟಕ್ಕೆ ಪಿಸ್ತೂಲು, ಕಿವಿಗೆ ರೇಡಿಯೋ. ಲೋಹದ ಬಾಡಿ ಇರುವ ಗನ್ನೇ ಮೂರು ಕೆಜಿ ತೂಗುತ್ತದೆ. ಮ್ಯಾಗಜಿನ್, ನೀರು, ಬ್ಯಾಟರಿ ಎಲ್ಲಾ ಸೇರಿಸಿ ಹತ್ತು ಕೆಜಿ ದಾಟಿಸುವವರಿದ್ದಾರೆ. ಕೆಲವರು ಪ್ಲೇಟ್ ಕ್ಯಾರಿಯರ್ ಒಳಗೆ ನಿಜವಾದ ತೂಕದ ಪ್ಲೇಟೂ ಹಾಕುತ್ತಾರೆ. ಕಾಲು ಗ್ರಾಂ ಪ್ಲಾಸ್ಟಿಕ್ ತಡೆಯಲು ಉಕ್ಕು! ಯಾಕಪ್ಪಾ? ‘ಫೀಲ್ ಬರುತ್ತದೆ ಗುರು.’ ಬರುತ್ತದೆ, ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆನ್ನಲ್ಲಿ ಚೆನ್ನಾಗಿ ಫೀಲ್ ಬರುತ್ತದೆ.

ಊಟ ಆಯಿತು ಅನ್ನಿ. ಸೇಫ್ ಝೋನ್ ನೋಡಬೇಕು ನೀವು. ಸಾಲಾಗಿ ಕುರ್ಚಿ, ಕುರ್ಚಿ ತುಂಬಾ ಕಮಾಂಡೋಗಳು. ‘ಇದೊಂದು ಆಟ ಬಿಟ್ಟು ಮುಂದಿನದಕ್ಕೆ ಬರುತ್ತೇನೆ.’ ಬರಲ್ಲ. ಸಾವಿರ ಪೌಂಡಿನ ಗನ್ ಕುರ್ಚಿಗೆ ಒರಗಿ ನಿಂತಿರುತ್ತದೆ, ಯಜಮಾನರು ಬೂಟು ಸಡಿಲ ಮಾಡಿಕೊಂಡು ಚಹಾ ಕುಡಿಯುತ್ತಿರುತ್ತಾರೆ. ಆ ಕಡೆ ಬಾಡಿಗೆ ಗನ್ ಹಿಡಿದ ಹದಿನೆಂಟರ ಹುಡುಗ ಕಾಡೆಲ್ಲಾ ಓಡಾಡಿ ಬಾವುಟ ಕಿತ್ತುಕೊಂಡು ಬರುತ್ತಾನೆ. ಬಾಡಿಗೆ ಗನ್! ಅದರ ಬ್ಯಾರೆಲ್ ಯಾವುದು ಅಂತ ಅವನಿಗೇ ಗೊತ್ತಿಲ್ಲ.

ಇನ್ನು ಏಟು ಬಿದ್ದ ಮೇಲೆ ಏನು? ಕೈ ಎತ್ತಿಕೊಂಡು ರೀಜೆನ್ ಪಾಯಿಂಟ್‌ಗೆ ವಾಪಸ್ ನಡೆಯಬೇಕು. ಏಟು ಬಿದ್ದವರು ಮತ್ತೆ ಆಟಕ್ಕೆ ಸೇರುವ ಜಾಗ ಅದು. ಅಲ್ಲಿಂದ ಮತ್ತೆ ಮುಂದಕ್ಕೆ ಬರಬೇಕು. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಇಡೀ ದಿನದ ನಡಿಗೆಯಲ್ಲಿ ದೊಡ್ಡ ಪಾಲು ಇದೇ. ಅದೂ ಎಲ್ಲಿ? ಬೇರು, ಮುಳ್ಳುಬಳ್ಳಿ, ಬೂಟು ಹಿಡಿದು ಎಳೆಯುವ ಜೇಡಿಮಣ್ಣು. ಕಾಲು ಉಳುಕುವುದು ಗುಂಡಿನ ಮಳೆಯಲ್ಲಿ ಅಲ್ಲ, ಸುಸ್ತಾಗಿ ಕಾಲೆಳೆದುಕೊಂಡು ವಾಪಸ್ ಬರುವಾಗ. ಕನ್ನಡಕ ಮಂಜಾಗುವುದೂ ಅಷ್ಟೇ. ಬುಸುಬುಸು ಉಸಿರು ಬಿಟ್ಟಷ್ಟೂ ಗಾಗಲ್ ಒಳಗೆ ಹಬೆ. ಆಟದ ಜಾಗದಲ್ಲಿ ಗಾಗಲ್ ತೆಗೆಯುವ ಹಾಗಿಲ್ಲ, ತೆಗೆದರೆ ಸೈಟಿನಿಂದಲೇ ಆಚೆ. ಇವರು ಆ್ಯಂಟಿ-ಫಾಗ್ ಸ್ಪ್ರೇ ತರುತ್ತಾರೆ, ಗಾಗಲ್‌ಗೆ ಪುಟ್ಟ ಫ್ಯಾನ್ ತರುತ್ತಾರೆ. ಉಸಿರು ಮಾತ್ರ ಸರಿ ಮಾಡಿಕೊಳ್ಳಲ್ಲ.

ಈಗ ನಿಮ್ಮ ವಾದಗಳಿಗೆ ಬರುತ್ತೇನೆ. ಎಲ್ಲಾ ಗೊತ್ತು ನನಗೆ.

‘ನಾನು ಸ್ನೈಪರ್. ಒಂದು ಕಡೆ ಮಲಗಿರುತ್ತೇನೆ. ನನಗೆ ಕಾಲು ಯಾಕೆ?’ ಅಯ್ಯೋ ದೇವರೇ. ಸ್ನೈಪರ್ ಹಿಡಿಯುವ ಬೋಲ್ಟ್ ಗನ್ನಿಗೆ, ಅಂದರೆ ಪ್ರತಿ ಗುಂಡಿಗೂ ಕೈಯಲ್ಲಿ ಎಳೆದು ಹೊಡೆಯುವ ಗನ್ನಿಗೆ, ಸೈಟಿನವರು ಸಾಮಾನ್ಯವಾಗಿ 500 ಅಡಿ ವೇಗ ಕೊಡುತ್ತಾರೆ ನಿಜ. ಜೊತೆಗೆ ಒಂದು ನಿಯಮವನ್ನೂ ಕೊಡುತ್ತಾರೆ. 30 ಮೀಟರಿಗಿಂತ ಹತ್ತಿರ ಇರುವವರಿಗೆ ಅದರಲ್ಲಿ ಹೊಡೆಯುವ ಹಾಗಿಲ್ಲ. ಅಂದರೆ ಯಾರಾದರೂ ನಿಮ್ಮ ಕಡೆ ಓಡಿ ಬಂದರೆ ನಿಮ್ಮ ಆ ದೊಡ್ಡ ಗನ್ ಬರೀ ಕೋಲು. ಆಗ ಎದ್ದು ಓಡಬೇಕು. ಎಲೆ ಸೊಪ್ಪು ಕಟ್ಟಿಕೊಂಡ ಗಿಲ್ಲಿ ಸೂಟ್ ಹಾಕಿಕೊಂಡು, ಮಲಗಿದ ಕಡೆಯಿಂದ ಎದ್ದು. ನೆಲದಿಂದ ಕೈ ಊರದೆ ಏಳಲು ಆಗುತ್ತದಾ ನಿಮಗೆ? ವಿಡಿಯೋ ನಿಲ್ಲಿಸಿ, ಈಗಲೇ ಮಾಡಿ ನೋಡಿ. ಕಾಯುತ್ತೇನೆ.

ಎದ್ದಿರಾ? ಸೋಫಾ ಹಿಡಿದುಕೊಂಡಿರಿ ಅಲ್ವಾ? ಕಾಡಿನಲ್ಲಿ ಸೋಫಾ ಇಲ್ಲ.

‘ನನಗೆ ನಲವತ್ತು ದಾಟಿತು.’ ಅದಕ್ಕೇ ಹೇಳುತ್ತಿರುವುದು! ನಮ್ಮ ಕಡೆ ಮೂಲದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್, ಬಿಎಂಐ ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಅದರ ಗೆರೆಯನ್ನೇ ಕೆಳಗೆ ಇಟ್ಟಿದೆ. ಬಿಳಿಯರಿಗೆ 25ರಿಂದ ತೂಕ ಜಾಸ್ತಿ ಅಂತ ಲೆಕ್ಕ, ನಮಗೆ 23ರಿಂದಲೇ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ನಮಗೆ ಬೇಗ ಬರುತ್ತದೆ ಅಂತ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಭಾನುವಾರ ಒಂದೇ ಸಲ ಹತ್ತು ಕೆಜಿ ಹೊತ್ತು ಗುಡ್ಡ ಹತ್ತಿ ಓಡುತ್ತೀರಲ್ಲ, ಮನೆಯವರನ್ನು ಕೇಳಿದ್ದೀರಾ? ಇಂಗ್ಲೆಂಡಿನಲ್ಲಿ 40ರಿಂದ 74 ವಯಸ್ಸಿನವರಿಗೆ ಎನ್‌ಎಚ್‌ಎಸ್ ಪುಕ್ಕಟೆ ಹೆಲ್ತ್ ಚೆಕ್ ಇದೆ. ಪುಕ್ಕಟೆ ಅಂದೆ, ಕೇಳಿಸಿತಾ? ಹೋಗಿ ಮಾಡಿಸಿಕೊಳ್ಳಿ. ಎದೆ ನೋವು, ತಲೆ ಸುತ್ತು ಇದ್ದರೆ ಮೊದಲು ಡಾಕ್ಟರ್, ಆಮೇಲೆ ನನ್ನ ಚಾನೆಲ್.

‘ಟೈಮ್ ಇಲ್ಲ.’ ಇದಕ್ಕಂತೂ ನನ್ನ ಹತ್ತಿರ ಬ್ರಹ್ಮಾಸ್ತ್ರ ಇದೆ. ಇಲ್ಲಿ ನಿಜವಾದ ಗನ್ನಿನ ಹಾಗೆ ಕಾಣುವುದನ್ನು ಕೊಳ್ಳಲು ಅಂಗಡಿಯವರು ಯೂಕಾರಾ ನಂಬರ್, ಅಂದರೆ ನೀವು ನಿಜವಾದ ಆಟಗಾರರು ಅನ್ನುವ ನೋಂದಣಿ ನಂಬರ್, ಕೇಳುತ್ತಾರೆ. ಅದಕ್ಕೆ ಕನಿಷ್ಠ ಮೂರು ಆಟ ಆಡಿರಬೇಕು, ಆ ಆಟಗಳು ಕನಿಷ್ಠ 56 ದಿನಗಳಲ್ಲಿ ಹರಡಿರಬೇಕು. 56 ದಿನ ಅಂದರೆ ಎಂಟು ವಾರ. ಆ ಎಂಟು ವಾರ ನೀವು ಏನು ಮಾಡುತ್ತೀರಿ? ವೆಬ್‌ಸೈಟಿನಲ್ಲಿ ಗನ್ ನೋಡುತ್ತಾ, ಕಾರ್ಟಿಗೆ ಹಾಕುತ್ತಾ, ತೆಗೆಯುತ್ತಾ ಕೂರುತ್ತೀರಿ. ಎನ್‌ಎಚ್‌ಎಸ್‌ನದ್ದೇ ‘ಕೌಚ್ ಟು 5ಕೆ’ ಇದೆ. ಏನೂ ಓಡದವರನ್ನು ಒಂಬತ್ತು ವಾರದಲ್ಲಿ, ವಾರಕ್ಕೆ ಮೂರೇ ದಿನ ಓಡಿಸಿ, ಐದು ಕಿಲೋಮೀಟರ್ ಮುಟ್ಟಿಸುತ್ತದೆ. ಅದೂ ಪುಕ್ಕಟೆ. ಗನ್ ಕೈಗೆ ಬರುವ ಹೊತ್ತಿಗೆ ಕಾಲೂ ಬಂದಿರುತ್ತದೆ. ಇದಕ್ಕಿಂತ ಇನ್ನೇನು ಬೇಕು ನಿಮಗೆ? ನಾನೇ ಬಂದು ಎಬ್ಬಿಸಬೇಕಾ?

ಐದು ಕಿಲೋಮೀಟರ್ ಓಡಿದರೆ ಮುಗಿಯಿತು ಅಂದುಕೊಳ್ಳಬೇಡಿ ಮತ್ತೆ. ಏರ್‌ಸಾಫ್ಟ್‌ನಲ್ಲಿ ಯಾರೂ ಐದು ಕಿಲೋಮೀಟರ್ ಒಂದೇ ಸಮನೆ ಓಡಲ್ಲ. ಕೂತಿರುತ್ತೀರಿ. ತಟ್ಟನೆ ಏಳುತ್ತೀರಿ. ಹತ್ತು ಹದಿನೈದು ಮೀಟರ್ ಓಡಿ ಇನ್ನೊಂದು ಮರದ ಹಿಂದೆ ಕೂರುತ್ತೀರಿ. ಮತ್ತೆ ಏಳುತ್ತೀರಿ. ಇದು ಏನು ಹೇಳಿ? ಖೋ ಖೋ! ನಮ್ಮ ಸ್ಕೂಲ್ ಮೈದಾನದ ಖೋ ಖೋ. ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಬೆನ್ನಿಗೆ ‘ಖೋ’ ಬಿದ್ದ ತಕ್ಷಣ ಬಾಣದ ಹಾಗೆ ಏಳುತ್ತಿದ್ದೆವಲ್ಲ, ಅದೇ ಸ್ನಾಯು, ಅದೇ ದಮ್ಮು. ಬಸ್ಕಿ ಯಾಕೆ ಅಂದೆ ಅಂತ ಈಗ ಗೊತ್ತಾಯಿತಾ? ಗರಡಿ ಮನೆಯಲ್ಲಿ ದಂಡ, ಬಸ್ಕಿ ಅಂತ ಇಟ್ಟವರೇನು ದಡ್ಡರಾ? ಬಸ್ಕಿ ಎದ್ದೇಳುವುದಕ್ಕೆ, ದಂಡ ನೆಲದಿಂದ ಮೇಲಕ್ಕೆ ಬರುವುದಕ್ಕೆ ಮತ್ತು ಮೂರು ಕೆಜಿ ಗನ್ ಎತ್ತಿ ಹಿಡಿಯುವುದಕ್ಕೆ. ಜೊತೆಗೆ ಬೆನ್ನಿಗೆ ಒಂದು ಬ್ಯಾಗ್ ಹಾಕಿ ನಡೆಯಿರಿ. ಐದು ಕೆಜಿಯಿಂದ ಶುರು ಮಾಡಿ. ಅಕ್ಕಿ ಚೀಲ ಇದೆ ಅಲ್ವಾ ಮನೆಯಲ್ಲಿ? ಸೋನಾ ಮಸೂರಿ ಆದರೂ ಸರಿ. ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜಿ, ಪಾದದ ಗಂಟು ಗಟ್ಟಿಯಾಗುತ್ತದೆ. ಮುಗಿಯಿತು. ಜಿಮ್ ಫೀಸೂ ಬೇಡ, ಪ್ರೋಟೀನ್ ಪುಡಿಯೂ ಬೇಡ.

ಪ್ರೋಟೀನ್ ಪುಡಿ ಕಂಪನಿಯವರು ಯಾರಾದರೂ ನೋಡುತ್ತಿದ್ದರೆ, ಸ್ಪಾನ್ಸರ್ ಮಾಡುವುದಾದರೆ, ಈ ಸಾಲನ್ನು ತೆಗೆಸುತ್ತೇನೆ. ಇಮೇಲ್ ಕೆಳಗಿದೆ.

‘ಬೆಂಗಳೂರಿನಲ್ಲಿ ಏರ್‌ಸಾಫ್ಟ್ ಎಲ್ಲಿದೆ ಅಣ್ಣಾ’ ಅಂತ ದಿನಾ ಕೇಳುತ್ತೀರಿ. ಪೇಂಟ್‌ಬಾಲ್ ಆಡಿ. ಆಫೀಸಿನ ಟೀಮ್ ಔಟಿಂಗ್‌ಗೆ ಕರೆದುಕೊಂಡು ಹೋಗುತ್ತಾರಲ್ಲ, ಅದೇ. ಅಲ್ಲೂ ಮ್ಯಾನೇಜರ್ ಎರಡನೇ ನಿಮಿಷಕ್ಕೇ ಟೈರ್ ಹಿಂದೆ ಕೂತು ಮತ್ತೆ ಏಳಲ್ಲ. ಯಾಕೆ? ಹೇಳಿ, ನೀವೇ ಹೇಳಿ. ಕಾಲು!

ಮಾತಾಡುತ್ತಾ ಮಾತಾಡುತ್ತಾ ನನಗೇ ಬಿಸಿ ಏರುತ್ತಿದೆ. ಇದನ್ನು ಎಡಿಟ್ ಮಾಡುವುದು ನಮ್ಮ ಮನೆಯವರು. ‘ಒಂದೇ ಮಾತು ಎಷ್ಟು ಸಲ ಹೇಳುತ್ತೀರಿ’ ಅಂತ ಕೇಳುತ್ತಾರೆ. ಹೇಳುತ್ತೇನೆ. ಈ ಆಟಗಾರರು ಮಾತು ಕೇಳುವವರೆಗೂ ಹೇಳುತ್ತೇನೆ. ಗುರಿ ಹಿಡಿಯಲು ರೆಡ್ ಡಾಟ್ ಕೊಂಡರು, ಹೇಳಿದೆ. ಸೈಲೆನ್ಸರ್ ಕೊಂಡರು, ಹೇಳಿದೆ. ಹೆಲ್ಮೆಟ್‌ಗೆ ಟಾರ್ಚ್ ಕೊಂಡರು, ಅದೂ ಹಗಲು ಆಟಕ್ಕೆ! ಮೊಣಕಾಲಿಗೆ ಪ್ಯಾಡ್ ಕೊಳ್ಳುತ್ತಾರೆ, ಮೊಣಕಾಲು ಬಗ್ಗಿಸಲ್ಲ.

ಇನ್ನೂ ಒಂದು ಹೇಳುತ್ತೇನೆ, ಬೈದುಕೊಳ್ಳಿ. ಏಟು ಬಿದ್ದರೂ ‘ಹಿಟ್’ ಅನ್ನದ ಕಳ್ಳರು ಇರುತ್ತಾರಲ್ಲ, ಅವರೆಲ್ಲಾ ಸುಸ್ತಾದವರೇ. ರೀಜೆನ್‌ಗೆ ನಡೆಯಲು ಕಷ್ಟ, ಅದಕ್ಕೇ ಏಟು ಗೊತ್ತಾಗಲ್ಲ. ಫಿಟ್ ಇರುವವರು ಮೋಸ ಮಾಡಲ್ಲ. ಫಿಟ್ ಇರುವವರ ಗನ್ ಜ್ಯಾಮ್ ಕೂಡ ಆಗಲ್ಲ. ಯಾಕೆ ಅಂತ ಕೇಳಬೇಡಿ, ಆಗಲ್ಲ ಅಷ್ಟೇ. ಅವರಿಗೆ ಪಾರ್ಕಿಂಗೂ ಬೇಗ ಸಿಗುತ್ತದೆ. ಪುರಾವೆ ಬೇಕಾ? ಬೇಕಾದವರು ಬಂದು ನನ್ನ ಜೊತೆ ಇಪ್ಪತ್ತು ಬಸ್ಕಿ ಹೊಡೆದು ಆಮೇಲೆ ಕೇಳಲಿ. ದಮ್ಮು ಉಳಿದಿದ್ದರೆ.

ಸರಿ, ಚಾನೆಲ್ಲಿನ ಟೀ ಶರ್ಟ್ ಬಂದಿದೆ. ಎದೆ ಮೇಲೆ ‘ಮೊದಲು ಕಾಲು’ ಅಂತ ಇದೆ. ಎಕ್ಸ್‌ಎಲ್ ಖಾಲಿ, ಡಬಲ್ ಎಕ್ಸ್‌ಎಲ್ ಕೂಡ ಖಾಲಿ. ಮೀಡಿಯಂ ರಾಶಿ ಬಿದ್ದಿದೆ. ನಾನೇನೂ ಹೇಳಲ್ಲ, ನೀವೇ ಯೋಚನೆ ಮಾಡಿ ಆರ್ಡರ್ ಹಾಕಿ.